ಗಾಲಿ ಮಾತು: ಬೋರ್ಡು ಓದಲು ಬಂದರೆ ಎಲ್‌ಎಲ್‌ಆರ್ ಬಂದ ಹಾಗೆ

ಚೌತಿ ಕಳೆದು ಮಳೆ ಸ್ವಲ್ಪ ಹಿಂದೆ ಸರಿದರೆ ಉಡುಪಿಯಲ್ಲಿ ಗಾಡಿ ಕಲಿಯುವ ಸೀಸನ್ ಶುರು. ನನಗೆ ಪತ್ರಗಳು ಜಾಸ್ತಿ ಬರುವುದೂ ಆಗಲೇ. ಕುಂಜಿಬೆಟ್ಟಿನಲ್ಲಿ 22 ವರ್ಷ ಹೆಂಗಸರಿಗೆ ಸ್ಕೂಟರ್ ಕಲಿಸಿದವಳು ನಾನು. ಈಗ ಮೊಣಕಾಲು ಮಾತು ಕೇಳುವುದಿಲ್ಲ. ಹಾಗಾಗಿ ಕೂತು ಬರೆಯುತ್ತೇನೆ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಎಲ್‌ಎಲ್‌ಆರ್‌ಗೆ, ಅಂದರೆ ಗಾಡಿ ಕಲಿಯುವವರಿಗೆ ಮೊದಲು ಸಿಗುವ ಲೈಸೆನ್ಸಿಗೆ, ಬರೆಯಬೇಕಾದ ಪರೀಕ್ಷೆಯ ಬಗ್ಗೆಯೇ. ಹೆದ್ದಾರಿಯಲ್ಲಿ ಗಾಡಿ ಓಡಿಸಲು ಹೆದರದವರೂ ಕಂಪ್ಯೂಟರ್ ಎದುರು ಕೂತರೆ ಬೆವರುತ್ತಾರೆ. ನನಗಿದು ಹೊಸತೇನಲ್ಲ.

ಪ್ರ: ನಾನು ಶಂಕರಪುರದವಳು, ವಯಸ್ಸು 46. ಮನೆಯಲ್ಲಿ ಮಲ್ಲಿಗೆ ಗಿಡ ಇದೆ. ಬೆಳಿಗ್ಗೆ ಹೂ ಕಟ್ಟಿ ಹೊತ್ತಿಗೆ ಸರಿಯಾಗಿ ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಬಸ್ಸು, ರಿಕ್ಷಾ ಅಂತ ಕಾದು ಸಾಕಾಗಿದೆ. ಮಗಳ ಸ್ಕೂಟರ್ ಅಂಗಳದಲ್ಲಿ ಓಡಿಸಿ ಕಲಿತೆ. ಆದರೆ ಎಲ್‌ಎಲ್‌ಆರ್ ಪರೀಕ್ಷೆಯಲ್ಲಿ 15ರಲ್ಲಿ 7 ಮಾತ್ರ ಸರಿ ಬಂತು. ಮಗಳು ಮೊಬೈಲಿನಲ್ಲಿ 200 ಪ್ರಶ್ನೆ ಹಾಕಿ ಕೊಟ್ಟಿದ್ದಾಳೆ. ಬಾಯಿಪಾಠ ಮಾಡಿದರೂ ತಲೆಯಲ್ಲಿ ನಿಲ್ಲುವುದಿಲ್ಲ. ನಾನು ಓದಿದ್ದು ಏಳನೇ ಕ್ಲಾಸು. ಮಕ್ಕಳೆದುರು ನಾಚಿಕೆಯಾಗುತ್ತದೆ.

ಉ: ನಾಚಿಕೆ ಯಾಕೆ ತಂಗಿ? ನಾನೂ ಫೇಲಾದವಳೇ. 1991ರಲ್ಲಿ ಕಂಪ್ಯೂಟರ್ ಇರಲಿಲ್ಲ. ಇನ್ಸ್‌ಪೆಕ್ಟರರು ಗೋಡೆಯ ಚಾರ್ಟಿನ ಮೇಲೆ ಕೋಲು ಇಟ್ಟು ‘ಇದೇನು?’ ಎಂದು ಕೇಳುತ್ತಿದ್ದರು. ನನಗೆ ತೋರಿಸಿದ್ದು ನೀಲಿ ಬಣ್ಣದ ದುಂಡು ಬೋರ್ಡು, ಸುತ್ತ ಕೆಂಪು ಅಂಚು, ಮಧ್ಯೆ ಕೆಂಪು ಅಡ್ಡಗೆರೆ ಎರಡು, ಕತ್ತರಿಯ ಹಾಗೆ. ‘ಇಲ್ಲಿ ಪಾರ್ಕಿಂಗ್ ಇಲ್ಲ’ ಅಂದೆ, ಗಟ್ಟಿಯಾಗಿ. ‘ಪಾರ್ಕಿಂಗ್ ಮಾತ್ರ ಅಲ್ಲಮ್ಮ, ನಿಲ್ಲಲೂ ಬಾರದು. ಹೋಗಿ ಬನ್ನಿ’ ಅಂದರು. ಹೋಗಿ ಬಂದೆ, ಎರಡು ವಾರ ಬಿಟ್ಟು. ಆ ಬೋರ್ಡನ್ನು ಮಾತ್ರ ಇವತ್ತಿಗೂ ಮರೆತಿಲ್ಲ. ಒಂದೇ ಗೆರೆ ಇದ್ದರೆ ಗಾಡಿ ಬಿಟ್ಟು ಹೋಗುವ ಹಾಗಿಲ್ಲ, ಯಾರನ್ನಾದರೂ ಇಳಿಸಿ ಹೋಗಬಹುದು. ಎರಡು ಗೆರೆ ಇದ್ದರೆ ಇಳಿಸುವುದಕ್ಕೂ ನಿಲ್ಲಬಾರದು. ಈ ಪ್ರಶ್ನೆ ಈಗಲೂ ಬರುತ್ತದೆ.

ಮೊದಲು ಲೆಕ್ಕ ಮಾಡೋಣ. ಕೇಂದ್ರ ಮೋಟಾರು ವಾಹನ ನಿಯಮ 1989ರ ಪ್ರಕಾರ 100ಕ್ಕೆ 60 ಸರಿಯಾದರೆ ಸಾಕು. ಅಂದರೆ 15ಕ್ಕೆ 9. ನಿಮಗೆ ಕಡಿಮೆ ಬಿದ್ದದ್ದು ಎರಡೇ ಎರಡು. 800 ಹೂ ಎಣಿಸಿ ಒಂದು ಚೆಂಡು ಕಟ್ಟುವವರಿಗೆ ಎರಡು ಪ್ರಶ್ನೆ ದೊಡ್ಡದಾ? ಏನನ್ನು ಕೇಳಬೇಕು ಎಂಬುದೂ ಆ ನಿಯಮದಲ್ಲೇ ಇದೆ. ರಸ್ತೆಯ ಬೋರ್ಡು, ಸಿಗ್ನಲ್ ಮತ್ತು ನಿಯಮ ಒಂದು. ಅಪಘಾತವಾದರೆ ಸವಾರರ ಕರ್ತವ್ಯ ಇನ್ನೊಂದು. ಕಾವಲಿಲ್ಲದ ರೈಲ್ವೆ ಗೇಟು ದಾಟುವುದು ಮತ್ತೊಂದು. ಜೊತೆಗೆ ಗಾಡಿಯಲ್ಲಿ ಇರಬೇಕಾದ ಕಾಗದಪತ್ರ. ಕೊನೆಯ ಮೂರನ್ನು ಒಂದು ಸಂಜೆಯಲ್ಲಿ ಮುಗಿಸಬಹುದು. ಹೊತ್ತು ಬೇಕಾಗುವುದು ಮೊದಲನೆಯದಕ್ಕೆ.

ಆ 200 ಪ್ರಶ್ನೆಯ ಮೊಬೈಲನ್ನು ಮಗಳಿಗೇ ವಾಪಸ್ ಕೊಡಿ. ಬಾಯಿಪಾಠ ಮಾಡಿದವರು ಪ್ರಶ್ನೆ ಸ್ವಲ್ಪ ತಿರುಚಿ ಕೇಳಿದರೂ ಬೀಳುತ್ತಾರೆ. ಒಂದು ದಿನ ಕಟಪಾಡಿಯಿಂದ ಉಡುಪಿಗೆ ಬಸ್ಸು ಹತ್ತಿ, ಎದುರಿನ ಸೀಟಿನಲ್ಲಿ ಕೂತುಕೊಳ್ಳಿ. ಕೈಯಲ್ಲಿ ಮಕ್ಕಳ ಹಳೆಯ ನೋಟ್‌ಬುಕ್ಕು, ಒಂದು ಪೆನ್ಸಿಲ್. ಉದ್ಯಾವರ ದಾಟಿ ಕಿನ್ನಿಮುಲ್ಕಿ ಬರುವವರೆಗೆ ಕಂಡ ಪ್ರತಿ ಬೋರ್ಡಿನ ಆಕಾರ ಮಾತ್ರ ಬರೆದುಕೊಳ್ಳಿ. ದುಂಡಾ, ತ್ರಿಕೋನವಾ, ಚೌಕವಾ? ಒಳಗಿನ ಚಿತ್ರ ಆಮೇಲೆ. ನನ್ನ ಹತ್ತಿರ ಕಲಿತ ಒಬ್ಬ ಟೀಚರ್ ಹೀಗೆ ಹೋಗಿ ಬಂದು ನಾಲ್ಕು ಪುಟ ತುಂಬಿಸಿದ್ದರು. ಕಂಡಕ್ಟರ್ ಅವರನ್ನು ಸರ್ವೆಯವರು ಅಂದುಕೊಂಡು ಟಿಕೆಟ್ಟಿನ ಚಿಲ್ಲರೆಯನ್ನು ಪೂರ್ತಿ ವಾಪಸ್ ಕೊಟ್ಟರಂತೆ!

ಆಕಾರ ಯಾಕೆ ಮುಖ್ಯ ಅಂದರೆ, ಅರ್ಧ ಉತ್ತರ ಅದರಲ್ಲೇ ಇದೆ. ನಾನು ಕ್ಲಾಸಿನಲ್ಲಿ ಹೇಳುತ್ತಿದ್ದದ್ದು ಹೀಗೆ: ದುಂಡು ಬೋರ್ಡು ಅತ್ತೆ, ತ್ರಿಕೋನ ಅಮ್ಮ, ಚೌಕ ಪಕ್ಕದ ಮನೆಯವರು. ಅತ್ತೆ ಅಪ್ಪಣೆ ಕೊಡುತ್ತಾರೆ, ಮೀರುವ ಹಾಗಿಲ್ಲ. ಎಡಕ್ಕೆ ತಿರುಗಬೇಡ, ಓವರ್‌ಟೇಕ್ ಮಾಡಬೇಡ, 40ಕ್ಕಿಂತ ಜೋರು ಹೋಗಬೇಡ. ಅಮ್ಮನದು ಬರೀ ಎಚ್ಚರಿಕೆ. ಮುಂದೆ ತಿರುವಿದೆ ಮಗಾ, ಶಾಲೆಯಿದೆ, ಸೇತುವೆ ಸಪೂರ ಇದೆ. ಪಕ್ಕದ ಮನೆಯವರು ಸುಮ್ನೆ ಸುದ್ದಿ ಹೇಳುತ್ತಾರೆ. ಆಸ್ಪತ್ರೆ ಇಲ್ಲಿ, ಪೆಟ್ರೋಲ್ ಬಂಕ್ ಅಲ್ಲಿ. ದುಂಡಿನಲ್ಲೂ ಎರಡು ತರ. ಕೆಂಪು ಅಂಚಿದ್ದರೆ ‘ಬೇಡ’. ಪೂರ್ತಿ ನೀಲಿಯಿದ್ದು ಬಿಳಿ ಚಿತ್ರವಿದ್ದರೆ ‘ಮಾಡಲೇಬೇಕು’. ಹಾರ್ನ್ ಚಿತ್ರ ಎರಡರಲ್ಲೂ ಬರುತ್ತದೆ. ಕೆಂಪು ಅಂಚು, ಮೇಲೆ ಗೆರೆ ಇದ್ದರೆ ಹೊಡೆಯಬಾರದು. ನೀಲಿಯಿದ್ದರೆ ಹೊಡೆಯಲೇಬೇಕು. ನನ್ನ ಶಿಷ್ಯೆಯರು ಹೆಚ್ಚು ಎಡವುತ್ತಿದ್ದದ್ದು ಇಲ್ಲೇ.

ಈ ಲೆಕ್ಕಕ್ಕೆ ಸಿಗದ ಎರಡು ಬೋರ್ಡುಗಳಿವೆ. ‘ನಿಲ್ಲಿ’ ಎನ್ನುವುದಕ್ಕೆ ಎಂಟು ಮೂಲೆ. ‘ದಾರಿ ಬಿಡಿ’ ಎನ್ನುವುದು ತಲೆಕೆಳಗಾದ ತ್ರಿಕೋನ. ಇವೆರಡರ ಆಕಾರ ಬೇರೆ ಯಾವುದಕ್ಕೂ ಇಲ್ಲ. ನಮ್ಮ ಮಳೆಗೆ ಪಾಚಿ ಹಿಡಿದು ಅಕ್ಷರ ಕಾಣದಿದ್ದರೂ ಗುರುತು ಸಿಗುತ್ತದೆ.

ನಿಯಮದ ಪ್ರಶ್ನೆಗಳಿಗೆ ಬರೋಣ. ನೀವು ಇಷ್ಟು ವರ್ಷ ಕಟಪಾಡಿಯಲ್ಲಿ ಹೆದ್ದಾರಿಯನ್ನು ಕಾಲಲ್ಲಿ ದಾಟಿದವರು ಅಲ್ವಾ? ಹೂವಿನ ಚೀಲ ಎದೆಗೆ ಒತ್ತಿ ಹಿಡಿದು, ಒಂದು ಹೆಜ್ಜೆ ಮುಂದಿಟ್ಟು ಎರಡು ಹೆಜ್ಜೆ ಹಿಂದೆ ಬಂದವರು. ಆಗ ಬೈಕಿನವನು ಏನು ಮಾಡಬೇಕು ಅಂತ ನಿಮಗೆ ಅನ್ನಿಸುತ್ತಿತ್ತು? ಪರೀಕ್ಷೆಗೆ ಅದನ್ನೇ ಒತ್ತಿ. ‘ಜೀಬ್ರಾ ಗೆರೆಯ ಮೇಲೆ ಜನ ದಾಟುತ್ತಿದ್ದಾರೆ, ನೀವು ಏನು ಮಾಡುತ್ತೀರಿ?’ ಹಾರ್ನ್ ಹೊಡೆದು ಹೋಗುವುದು, ನಿಧಾನ ಮಾಡಿ ಪಕ್ಕದಿಂದ ನುಗ್ಗುವುದು, ಗೆರೆಗಿಂತ ಮೊದಲೇ ನಿಂತು ಅವರು ದಾಟಿದ ಮೇಲೆ ಹೋಗುವುದು. ಉತ್ತರ ನಿಮಗೆ ಗೊತ್ತು. ಕಾರಿನಲ್ಲೇ ಬೆಳೆದ ಮಕ್ಕಳಿಗಿಂತ ಚೆನ್ನಾಗಿ ಗೊತ್ತು.

ಸಿಗ್ನಲ್ಲಿನ ಹಳದಿ ಕೂಡ ಹಾಗೆಯೇ. ಹಳದಿ ಬಂದರೆ ಗೆರೆಗಿಂತ ಮೊದಲು ನಿಲ್ಲಬೇಕು. ನಿಲ್ಲಲು ಆಗದಷ್ಟು ಹತ್ತಿರ ಬಂದಿದ್ದರೆ ಮಾತ್ರ ದಾಟಬಹುದು. ಹಳದಿ ಮಿನುಗುತ್ತಿದ್ದರೆ ನಿಧಾನವಾಗಿ ನೋಡಿಕೊಂಡು ಹೋಗುವುದು. ಕೆಂಪು ಮಿನುಗಿದರೆ ಪೂರ್ತಿ ನಿಂತು, ನೋಡಿ, ಹೋಗುವುದು. ನಿಮ್ಮ ಶಂಕರಪುರದ ರಸ್ತೆಯಿಂದ ಕಟಪಾಡಿಯಲ್ಲಿ ಹೆದ್ದಾರಿಗೆ ಬರುವಾಗ ಹೆದ್ದಾರಿಯ ಗಾಡಿಗಳಿಗೆ ಮೊದಲು ದಾರಿ. ಸರ್ಕಲ್ಲಿಗೆ ಬಂದರೆ ನಿಮ್ಮ ಬಲದಿಂದ ಬರುವವರಿಗೆ ಮೊದಲು ದಾರಿ.

ಉತ್ತರ ತೋಚದೇ ಇದ್ದರೆ ಒಂದು ಉಪಾಯ ಹೇಳುತ್ತೇನೆ, ಮೇಷ್ಟ್ರು ಯಾರಿಗೂ ಹೇಳಬೇಡಿ. ನಮ್ಮ ಕಡೆಯ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರ್ ಆ ಜಾಗದಲ್ಲಿ ಏನು ಮಾಡುತ್ತಿದ್ದ ಎಂದು ಯೋಚಿಸಿ. ಆ ಉತ್ತರವನ್ನು ಮೊದಲು ಹೊಡೆದು ಹಾಕಿ. ಉಳಿದದ್ದರಲ್ಲಿ ಹುಡುಕಿ.

ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಶುರುವಿನಲ್ಲೇ ಭಾಷೆ ಆರಿಸಿಕೊಳ್ಳಿ. ನಿಮ್ಮ ವಯಸ್ಸು 40 ದಾಟಿರುವುದರಿಂದ ಡಾಕ್ಟರ ಸಹಿ ಇರುವ ಫಾರಂ 1ಎ ಕೂಡ ಬೇಕು. ಕನ್ನಡಕ ಇದ್ದರೆ ಹಾಕಿಕೊಂಡೇ ಕೂತುಕೊಳ್ಳಿ. ಇದನ್ನು ಹೇಳಬೇಕಾ ಅಂತ ನಗಬೇಡಿ. ಕನ್ನಡಕ ಬ್ಯಾಗಿನಲ್ಲಿಟ್ಟು, ಬೋರ್ಡಿನ ಚಿತ್ರ ಕಾಣದೆ ಫೇಲಾದವರನ್ನು ನಾನು ನೋಡಿದ್ದೇನೆ.

ಪ್ರ: ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಮಾದರಿ ಪ್ರಶ್ನೆಗಳಲ್ಲಿ ‘ಬೈಕ್ ನಿಲ್ಲಿಸಲು ಎರಡೂ ಬ್ರೇಕ್ ಬಳಸಬೇಕು’ ಎಂದಿದೆ. ಆದರೆ ಊರಲ್ಲಿ ದೊಡ್ಡಪ್ಪ ‘ಮುಂದಿನ ಬ್ರೇಕ್ ಮುಟ್ಟಿದರೆ ಮುಗ್ಗರಿಸಿ ಬೀಳ್ತಿ’ ಅಂತಾರೆ. ಅವರು 35 ವರ್ಷದಿಂದ ಬೈಕ್ ಓಡಿಸುವವರು. ಯಾರ ಮಾತು ಕೇಳಲಿ?

ಉ: ಪರೀಕ್ಷೆಯಲ್ಲಿ ಪುಸ್ತಕದ ಮಾತು. ರಸ್ತೆಯಲ್ಲೂ ಪುಸ್ತಕದ ಮಾತು. ಊಟಕ್ಕೆ ಕೂತಾಗ ಮಾತ್ರ ದೊಡ್ಡಪ್ಪನ ಮಾತು.

ದೊಡ್ಡಪ್ಪನಿಗೆ ಆ ಹೆದರಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಾನೂ ಹಾಗೆ ಬಿದ್ದಿದ್ದೇನೆ. 1994, ಜೂನ್ ತಿಂಗಳು. ಉದ್ಯಾವರದ ಹತ್ತಿರ ನನ್ನ ಕೈನೆಟಿಕ್ ಹೋಂಡಾದಲ್ಲಿ ಬರುತ್ತಿದ್ದೆ. ಎದುರಿಗೆ ಮೀನಿನ ಲಾರಿ. ಅದರ ಹಿಂಬಾಗಿಲಿನಿಂದ ನೀರು ಸುರಿಯುತ್ತಾ ಇತ್ತು. ಬರೀ ಐಸಿನ ನೀರಲ್ಲ, ಮೀನಿನ ಲೋಳೆ, ಎಣ್ಣೆ ಎಲ್ಲ ಸೇರಿದ್ದು. ಲಾರಿ ಒಮ್ಮೆಲೇ ನಿಧಾನ ಮಾಡಿತು. ನಾನು ಗಾಬರಿಯಲ್ಲಿ ಮುಂದಿನ ಬ್ರೇಕನ್ನು ಗಬಕ್ಕನೆ ಹಿಡಿದೆ. ಚಕ್ರ ಸಿಕ್ಕಿಹಾಕಿಕೊಂಡಿತು, ಗಾಡಿ ಎಡಕ್ಕೆ ಮಲಗಿತು. ನಾನು ಮೀನಿನ ನೀರಿನಲ್ಲಿ ಕೂತು ಜಾರುತ್ತಾ ಲಾರಿಯ ಹಿಂದೆಯೇ ಹೋದೆ! ಅಂಗೈ ತರಚಿತ್ತು, ಅಷ್ಟೇ. ಸೀರೆಯ ವಾಸನೆ ಮೂರು ಒಗೆತಕ್ಕೂ ಹೋಗಲಿಲ್ಲ. ನನ್ನವರು ಆ ದಿನ ಹೇಳಿದ್ದೂ ಇದೇ ಮಾತು: ಇನ್ನು ಮುಂದಿನ ಬ್ರೇಕ್ ಮುಟ್ಟಬೇಡ.

ಆದರೆ ತಪ್ಪು ಬ್ರೇಕಿನದಲ್ಲ. ನಾನು ಲಾರಿಗೆ ತೀರಾ ಹತ್ತಿರ ಇದ್ದೆ, ಮತ್ತು ಬ್ರೇಕನ್ನು ಎಳೆದ ರೀತಿ ತಪ್ಪು.

ಸಿಟಿ ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತೀರಲ್ಲ, ಡ್ರೈವರ್ ಬ್ರೇಕ್ ಹಾಕಿದರೆ ಏನಾಗುತ್ತದೆ? ಎಲ್ಲರೂ ಮುಂದಕ್ಕೆ ವಾಲುತ್ತಾರೆ. ಬೈಕಿನಲ್ಲೂ ಭಾರ ಹಾಗೆಯೇ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಮುಂದಿನ ಟಯರ್ ರಸ್ತೆಗೆ ಒತ್ತಿ ನಿಲ್ಲುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿದರೆ ಅದು ಜಾರುತ್ತದೆ, ಗಾಡಿ ನಿಲ್ಲುವುದಿಲ್ಲ. ಅದಕ್ಕೇ ನಿಲ್ಲಿಸುವ ಶಕ್ತಿ ಹೆಚ್ಚು ಇರುವುದು ಮುಂದಿನ ಬ್ರೇಕಿನಲ್ಲಿ. ಅದನ್ನು ಬಳಸದವರು ಇರುವ ಬ್ರೇಕಿನ ದೊಡ್ಡ ಪಾಲನ್ನು ಬಿಟ್ಟುಕೊಟ್ಟ ಹಾಗೆ.

ಬಳಸುವುದು ಹೇಗೆ? ಬಟ್ಟೆ ಹಿಂಡುವ ಹಾಗೆ ಒಮ್ಮೆಲೇ ಅಲ್ಲ. ತೆಂಗಿನಕಾಯಿ ಹಾಲು ಹಿಂಡುವಾಗ ಮೊದಲು ಮೆತ್ತಗೆ ಹಿಡಿದು ಆಮೇಲೆ ಬಲ ಕೊಡುತ್ತೇವಲ್ಲ, ಹಾಗೆ. ಆ ಒಂದು ಗಳಿಗೆಯಲ್ಲಿ ಭಾರ ಮುಂದಕ್ಕೆ ಬರುತ್ತದೆ, ಟಯರಿಗೆ ಹಿಡಿತ ಸಿಗುತ್ತದೆ. ಹಿಂದಿನ ಬ್ರೇಕೂ ಜೊತೆಗಿರಲಿ. ಗಾಡಿ ನೆಟ್ಟಗೆ ಇರಬೇಕು, ತಿರುವಿನಲ್ಲಿ ವಾಲಿದಾಗ ಜೋರು ಬ್ರೇಕ್ ಹಾಕಬಾರದು. ಬ್ರೇಕ್ ಹಾಕುವುದು ತಿರುವಿಗಿಂತ ಮೊದಲೇ. ಕೆಂಪು ಮಣ್ಣು, ಜಲ್ಲಿ, ಒದ್ದೆ ಎಲೆ ಬಿದ್ದ ಕಡೆ ಮುಂದಿನದನ್ನು ಇನ್ನೂ ಮೆತ್ತಗೆ.

ಇಂಜಿನಿಯರಿಂಗ್ ಹುಡುಗ ಆದ್ದರಿಂದ ಲೆಕ್ಕವನ್ನೂ ಕೊಡುತ್ತೇನೆ. ಗಂಟೆಗೆ 40 ಕಿ.ಮೀ. ಹೋಗುವಾಗ ಒಂದು ಸೆಕೆಂಡಿಗೆ 11 ಮೀಟರ್ ಹೋಗಿರುತ್ತೀರಿ. 60ರಲ್ಲಿ ಸುಮಾರು 17 ಮೀಟರ್. ಕಣ್ಣು ನೋಡಿ ಕೈ ಬ್ರೇಕ್ ಹಿಡಿಯುವುದಕ್ಕೆ ಒಂದು ಸೆಕೆಂಡ್ ಅಂತ ಇಟ್ಟುಕೊಂಡರೂ, ಬ್ರೇಕ್ ಹಿಡಿಯುವ ಮೊದಲೇ ಅಷ್ಟು ದೂರ ಹೋಯಿತು. ಆಮೇಲೆ ನಿಲ್ಲಲು ಬೇಕಾದ ದೂರ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು. ಮುಂದಿನ ಗಾಡಿ ಒಂದು ಕರೆಂಟ್ ಕಂಬ ದಾಟಿದ ಮೇಲೆ ನೀವು ಅಲ್ಲಿಗೆ ಮುಟ್ಟಲು ಕನಿಷ್ಠ ಎರಡು ಸೆಕೆಂಡ್ ಆಗಬೇಕು. ಮಳೆಯಲ್ಲಿ ನಾಲ್ಕು. ಮೀನಿನ ಲಾರಿಯಾದರೆ ನನ್ನ ಲೆಕ್ಕದಲ್ಲಿ ಹತ್ತು.

ಮಳೆಗಾಲದ ಮೊದಲ ಮಳೆ ಬಿದ್ದ ಅರ್ಧ ಗಂಟೆ ಬಹಳ ಕೆಟ್ಟದು. ಬೇಸಿಗೆಯಿಡೀ ರಸ್ತೆಯ ಮೇಲೆ ಕೂತ ಎಣ್ಣೆ, ಧೂಳು ಮೇಲೆ ತೇಲುತ್ತದೆ. ಜೋರು ಮಳೆ ಬಂದು ತೊಳೆದ ಮೇಲೆ ಸ್ವಲ್ಪ ವಾಸಿ. ಬಿಳಿ ಬಣ್ಣದ ಗೆರೆ, ಚರಂಡಿಯ ಕಬ್ಬಿಣದ ಮುಚ್ಚಳ ಮಾತ್ರ ಯಾವಾಗಲೂ ಜಾರುತ್ತವೆ.

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಅದು ಚಕ್ರ ಸಿಕ್ಕಿಹಾಕಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ. 125 ಸಿಸಿವರೆಗಿನ ಗಾಡಿಗಳಿಗೆ ಕನಿಷ್ಠ ಸಿಬಿಎಸ್ ಇರುತ್ತದೆ. ಅಂದರೆ ಒಂದು ಬ್ರೇಕ್ ಹಿಡಿದರೆ ಎರಡೂ ಚಕ್ರಕ್ಕೆ ಬೀಳುತ್ತದೆ. ದೊಡ್ಡಪ್ಪನಿಗೆ ಗೊತ್ತಿಲ್ಲದ ವಿಷಯ ಇದು: ಹೊಸ ಸ್ಕೂಟರ್ ತೆಗೆದರೆ ಅವರು ಹಿಂದಿನದು ಮಾತ್ರ ಹಿಡಿದರೂ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಹೇಳಿ ನೋಡಿ. ಊಟ ಆದ ಮೇಲೆ ಹೇಳಿ.

ಪ್ರ: ನನ್ನ ಹೆಂಡತಿಗೆ ಹೋದ ವಾರ ಎಲ್‌ಎಲ್‌ಆರ್ ಸಿಕ್ಕಿತು. ನಮ್ಮ ಮನೆ ಬಜಪೆಯಲ್ಲಿ. ಎಲ್ ಬೋರ್ಡ್ ಹಾಕಿಕೊಂಡು ಮಗುವನ್ನು ಶಾಲೆಗೆ ಬಿಡಬಹುದಾ? ಎರಡೇ ಕಿಲೋಮೀಟರ್ ದೂರ.

ಉ: ಬಿಡಬಾರದು. ಎರಡು ಕಿಲೋಮೀಟರ್ ಅಲ್ಲ, ಎರಡು ಫರ್ಲಾಂಗೂ ಇಲ್ಲ. ಎಲ್‌ಎಲ್‌ಆರ್ ಇರುವವರ ಹಿಂದೆ ಕೂರಬಹುದಾದವರು ಲೈಸೆನ್ಸ್ ಇರುವ, ಕಲಿಸಲೆಂದೇ ಕೂತ ಒಬ್ಬರು ಮಾತ್ರ. ಅಂದರೆ ನೀವು. ಎಲ್ ಬೋರ್ಡ್ ಬಿಳಿ ಹಿನ್ನೆಲೆಯಲ್ಲಿ ಕೆಂಪು ಅಕ್ಷರ, ಮುಂದೆಯೂ ಹಿಂದೆಯೂ ಬೇಕು.

ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ. ಸಿಕ್ಕಿ 30 ದಿನ ಕಳೆದ ಮೇಲೆ ಡಿಎಲ್, ಅಂದರೆ ಪಕ್ಕಾ ಲೈಸೆನ್ಸಿನ, ಟೆಸ್ಟ್ ಕೊಡಬಹುದು. ಆ 30 ದಿನ ನೀವು ಹಿಂದಿನ ಸೀಟಿನಲ್ಲಿ ಕೂತು ಬೈಯದೆ ಕಲಿಸಿ. ನಾನು ನೋಡಿದ ಗಂಡಂದಿರಲ್ಲಿ ಹಾಗೆ ಕಲಿಸಿದವರು ಕಡಿಮೆ. ‘ಕ್ಲಚ್ ಬಿಡು, ಬಿಡು, ಅಯ್ಯೋ ಬಿಡಬೇಡ’ ಅಂತ ಕಿವಿಯಲ್ಲಿ ಕೂಗಿದರೆ ಯಾರಾದರೂ ಬಿದ್ದೇ ಬೀಳುತ್ತಾರೆ. ಎಷ್ಟೋ ಹೆಂಗಸರು ನನ್ನ ಹತ್ತಿರ ಬಂದದ್ದೇ ಗಂಡನಿಂದ ತಪ್ಪಿಸಿಕೊಳ್ಳಲು.

ಡಿಎಲ್ ಬಂದ ಮೇಲೆ ಮಗುವನ್ನು ಕೂರಿಸುವಾಗ ಇದು ನೆನಪಿರಲಿ. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆ. ನಾಲ್ಕಕ್ಕಿಂತ ಚಿಕ್ಕ ಮಗುವಾದರೆ ಅದನ್ನು ಸವಾರರಿಗೆ ಕಟ್ಟುವ ಸುರಕ್ಷಾ ಬೆಲ್ಟ್ ಬೇಕು, ಮಗುವಿನ ಅಳತೆಯ ಹೆಲ್ಮೆಟ್ ಬೇಕು, ವೇಗ 40 ದಾಟಬಾರದು. ಇದು 2023ರಿಂದ ಜಾರಿಯಲ್ಲಿದೆ, ಈಗ ಪರೀಕ್ಷೆಗೆ ಓದುವವರೂ ನೋಡಿಕೊಳ್ಳಿ. ಹೆಲ್ಮೆಟ್ಟಿನಲ್ಲಿ ಐಎಸ್‌ಐ ಗುರುತು ಇರಬೇಕು, ಪಟ್ಟಿ ಬಿಗಿಯಾಗಿರಬೇಕು. ಕೈಗೆ ನೇತು ಹಾಕಿಕೊಂಡ ಹೆಲ್ಮೆಟ್ ಮೊಣಕೈಯನ್ನು ಮಾತ್ರ ಕಾಪಾಡುತ್ತದೆ.

ಪ್ರ: ಮಗನಿಗೆ 16 ತುಂಬಿತು. ಎಲೆಕ್ಟ್ರಿಕ್ ಸ್ಕೂಟರಿಗೆ ಲೈಸೆನ್ಸ್ ಬೇಡ ಎನ್ನುತ್ತಿದ್ದಾನೆ. ಹೌದಾ? — ಕುಂದಾಪುರದ ತಂದೆ

ಉ: ಮಗ ಅರ್ಧ ಸತ್ಯ ಹೇಳಿದ್ದಾನೆ, ಆ ವಯಸ್ಸಿನವರು ಹೇಳುವುದೇ ಹಾಗೆ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇದ್ದು, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರುವ ಗಾಡಿಗೆ ಮಾತ್ರ ಲೈಸೆನ್ಸ್ ಬೇಡ. ಅವನು ಅಂಗಡಿಯಲ್ಲಿ ನೋಡಿ ಬಂದದ್ದು ಅದೇ ಇರಲಾರದು, ಒಮ್ಮೆ ನೀವೇ ಹೋಗಿ ನೋಡಿ. ನಂಬರ್ ಪ್ಲೇಟ್ ಇರುವ ಗಾಡಿಯಾದರೆ ಲೈಸೆನ್ಸ್ ಬೇಕೇ ಬೇಕು. 16ಕ್ಕೆ ಸಿಗುವ ಲೈಸೆನ್ಸ್ 50 ಸಿಸಿ ಮೀರದ ಗಾಡಿಗೆ ಮಾತ್ರ. ಉಳಿದದ್ದಕ್ಕೆ 18 ತುಂಬಬೇಕು.

2019ರ ತಿದ್ದುಪಡಿಯ ನಂತರ, ಲೈಸೆನ್ಸ್ ಇಲ್ಲದ ಹುಡುಗ ಗಾಡಿ ಓಡಿಸಿ ಅಪರಾಧವಾದರೆ ಸಿಕ್ಕಿಬೀಳುವುದು ತಂದೆ ಅಥವಾ ಗಾಡಿಯ ಮಾಲೀಕ. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳಿಗೆ ರದ್ದು. ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸೇ ಇಲ್ಲ. ಕೊನೆಯದನ್ನು ಅವನಿಗೆ ಓದಿ ಹೇಳಿ. ಜೈಲಿಗೆ ಅವನು ಹೆದರಲಿಕ್ಕಿಲ್ಲ, ಹೋಗುವುದು ನೀವಲ್ಲವಾ!

ಪ್ರ: ಕಾವಲಿಲ್ಲದ ರೈಲ್ವೆ ಗೇಟಿನ ಪ್ರಶ್ನೆ ಓದಬೇಕಾ? ನಮ್ಮ ಕಡೆ ಅಂಥ ಗೇಟನ್ನೇ ನೋಡಿಲ್ಲ. — ಪಡುಬಿದ್ರಿ

ಉ: ಓದಿ. ಬ್ರಾಡ್‌ಗೇಜ್ ಹಳಿಗಳಲ್ಲಿ ಅಂಥ ಗೇಟುಗಳನ್ನೆಲ್ಲ 2019ರ ಹೊತ್ತಿಗೆ ತೆಗೆದುಹಾಕಿದ್ದಾರೆ, ನಿಜ. ನಿಯಮದಲ್ಲಿ ಪ್ರಶ್ನೆ ಹಾಗೇ ಉಳಿದಿದೆ. ಗಾಡಿ ನಿಲ್ಲಿಸಿ, ಇಳಿದು, ಎರಡೂ ಕಡೆ ರೈಲು ಬರುತ್ತಿಲ್ಲ ಎಂದು ನೋಡಿದ ಮೇಲೆ ದಾಟುವುದು. ಅದೇ ಉತ್ತರ. ಬಿಟ್ಟಿ ಅಂಕ ಯಾಕೆ ಬಿಡುತ್ತೀರಿ?

ಪ್ರ: ಕಳೆದ ತಿಂಗಳು ಮಂಗಳೂರಿನಲ್ಲಿ ಒಬ್ಬರು ಸ್ಕೂಟರಿನಿಂದ ಬಿದ್ದರು. ಜನ ಸೇರಿದರು, ಆದರೆ ‘ಪೊಲೀಸ್ ಕೇಸ್ ಆಗ್ತದೆ’ ಅಂತ ಯಾರೂ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ಎಲ್‌ಎಲ್‌ಆರ್ ಪುಸ್ತಕದಲ್ಲಿ ‘ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಬೇಕು’ ಎಂದು ಓದಿದಾಗಿನಿಂದ ಮನಸ್ಸು ಚುಚ್ಚುತ್ತಿದೆ.

ಉ: ಬರೆದದ್ದು ಒಳ್ಳೆಯದಾಯಿತು. ಇಲ್ಲಿ ಎರಡು ವಿಷಯ ಬೇರೆ ಬೇರೆ ಇದೆ.

ನಿಮ್ಮ ಗಾಡಿಯಿಂದಲೇ ಅಪಘಾತವಾದರೆ ಕಾಯ್ದೆಯ 134ನೇ ಕಲಂ ನಿಮಗೆ. ನಿಲ್ಲಬೇಕು, ಗಾಯಾಳುವಿಗೆ ಚಿಕಿತ್ಸೆ ಸಿಗುವ ಹಾಗೆ ನೋಡಬೇಕು, ಪೊಲೀಸರು ಕೇಳಿದ ವಿವರ ಕೊಡಬೇಕು. ಪೊಲೀಸರು ಅಲ್ಲಿ ಇಲ್ಲದಿದ್ದರೆ ಆದಷ್ಟು ಬೇಗ, ತಡ ಅಂದರೂ 24 ಗಂಟೆಯ ಒಳಗೆ ಠಾಣೆಗೆ ತಿಳಿಸಬೇಕು. ಇನ್ಶೂರೆನ್ಸ್ ಕಂಪನಿಗೂ ತಿಳಿಸಬೇಕು. ಜನ ಸೇರಿ ಹೊಡೆಯುವ ಭಯವಿದ್ದರೆ ಏನು ಅಂತ ನನ್ನ ಕ್ಲಾಸಿನಲ್ಲಿ ಪ್ರತಿ ಸಲ ಕೇಳುತ್ತಿದ್ದರು. ಕಾಯ್ದೆಯಲ್ಲೇ ಅದಕ್ಕೆ ಜಾಗ ಇದೆ. ಗುಂಪಿನ ಕೋಪದಿಂದ ಸಾಧ್ಯವೇ ಆಗದಿದ್ದರೆ ಅದು ಬೇರೆ. ಆದರೆ ಆಗಲೂ ನೇರ ಠಾಣೆಗೆ ಹೋಗಬೇಕು, ಮನೆಗೆ ಅಲ್ಲ. ಪರೀಕ್ಷೆಯಲ್ಲಿ ‘ಮೊದಲು ಏನು ಮಾಡುತ್ತೀರಿ’ ಎಂಬ ಪ್ರಶ್ನೆಗೆ ‘ಇನ್ಶೂರೆನ್ಸ್‌ಗೆ ಫೋನ್’ ಎಂಬ ಆಯ್ಕೆಯೂ ಇರುತ್ತದೆ. ಅದನ್ನು ಒತ್ತಬೇಡಿ.

ನೀವು ನೋಡುತ್ತಾ ನಿಂತವರಾದರೆ 134ಎ ಕಲಂ. ಇದು 2019ರ ತಿದ್ದುಪಡಿಯಲ್ಲಿ ಬಂದದ್ದು. ಸಹಾಯ ಮಾಡಿದವರ ಮೇಲೆ ಅದಕ್ಕಾಗಿ ಕೇಸು ಹಾಕುವ ಹಾಗಿಲ್ಲ. ಆಸ್ಪತ್ರೆಯಲ್ಲಿ ಹೆಸರು ಹೇಳಿ ಅಂತ ಒತ್ತಾಯ ಮಾಡುವ ಹಾಗೂ ಇಲ್ಲ. ನಿಮ್ಮ ಆ ದಿನದ ಹೆದರಿಕೆಗೆ ಕಾಯ್ದೆಯಲ್ಲಿ ಆಧಾರವೇ ಇರಲಿಲ್ಲ, ನಿಮಗದು ಗೊತ್ತಿರಲಿಲ್ಲ ಅಷ್ಟೇ. ಇನ್ನೊಮ್ಮೆ ಹಾಗಾದರೆ 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಹಿಂದಿನಿಂದ ಬರುವ ಗಾಡಿಗಳನ್ನು ಯಾರಾದರೂ ಒಬ್ಬರು ನಿಧಾನ ಮಾಡಿಸಲಿ. ಬಿದ್ದವರ ಹೆಲ್ಮೆಟ್ಟನ್ನು ಅವಸರದಲ್ಲಿ ಎಳೆದು ತೆಗೆಯಬೇಡಿ, ಕುತ್ತಿಗೆಗೆ ಪೆಟ್ಟಾಗಿರಬಹುದು. ಮುಖದ ಗಾಜು ಎತ್ತಿ, ಉಸಿರಾಡುತ್ತಿದ್ದಾರಾ ನೋಡಿ, ಪಕ್ಕದಲ್ಲಿ ಕೂತು ಮಾತಾಡಿಸುತ್ತಿರಿ. ಬಾಯಿಗೆ ನೀರು ಹಾಕಲು ಬರುವ ಹಿರಿಯರು ಪ್ರತಿ ಅಪಘಾತದಲ್ಲೂ ಒಬ್ಬರು ಇರುತ್ತಾರೆ. ಅವರನ್ನು ಸಮಾಧಾನದಿಂದ ತಡೆಯಿರಿ.

ಪ್ರ: ನಾವು ಹೆಬ್ರಿಯವರು. ಎಲ್‌ಎಲ್‌ಆರ್ ಪಾಸಾದೆ, ಡಿಎಲ್ಲೂ ಬಂತು. ಪರೀಕ್ಷೆಗೆ ಓದಿದ್ದು ‘ಏರುವ ಗಾಡಿಗೆ ಮೊದಲ ದಾರಿ’ ಅಂತ. ಈಗ ಗೆಳೆಯರ ಜೊತೆ ಬೈಕಿನಲ್ಲಿ ಆಗುಂಬೆಗೆ ಹೋಗಬೇಕು ಅಂತಿದ್ದೇನೆ. ಹೋಗುವಾಗ ನನಗೇ ಮೊದಲ ದಾರಿ ಅಲ್ವಾ?

ಉ: ಹೋಗುವಾಗ ಹೌದು. ಬರುವಾಗ ನೆನಪಿಟ್ಟುಕೊಳ್ಳಿ. ಇಳಿಯುವವರು ನಿಂತು ಹೊರಡುವುದು ಸುಲಭ. ತುಂಬಿದ ಬಸ್ಸು ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಹೊರಡಲು ಒದ್ದಾಡಬೇಕು, ಹಿಂದಕ್ಕೆ ಜಾರಲೂಬಹುದು. ಅದಕ್ಕೇ ಈ ನಿಯಮ. ಸೋಮೇಶ್ವರ ದಾಟಿದ ಮೇಲೆ 14 ಹೇರ್‌ಪಿನ್ ತಿರುವುಗಳಿವೆ. ಅಲ್ಲಿ ಬಸ್ಸು ತಿರುಗಲು ರಸ್ತೆಯ ಅಗಲವಿಡೀ ಬೇಕಾಗುತ್ತದೆ. ಏರುವಾಗ ದಾರಿ ನಿಮ್ಮದು ಅಂತ ಕಾಯ್ದೆ ಹೇಳಿದರೂ, ತಿರುವಿನಲ್ಲಿ ಎದುರಿಗೆ ಬಸ್ಸಿನ ಮೂತಿ ಕಂಡರೆ ಎಡಕ್ಕೆ ಒತ್ತಿ ಮೊದಲೇ ನಿಂತುಬಿಡಿ. ಕಾಯ್ದೆ ಪುಸ್ತಕ ತೋರಿಸಿದರೆ ಬಸ್ಸು ನಿಲ್ಲುವುದಿಲ್ಲ.

ಇಳಿಯುವಾಗ ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವ ಗೆಳೆಯರು ಇರುತ್ತಾರೆ, ಪೆಟ್ರೋಲ್ ಉಳಿಯುತ್ತದೆ ಅಂತ. ಅವರ ಹಿಂದೆ ಹೋಗಬೇಡಿ, ಮುಂದೆಯಂತೂ ಹೋಗಲೇಬೇಡಿ. ಎರಡನೇ ಗೇರಿನಲ್ಲಿ ಇಳಿದರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಬ್ರೇಕನ್ನೇ ನಂಬಿ ಒಂದೇ ಸಮನೆ ಒತ್ತಿಕೊಂಡು ಬಂದರೆ ಅದು ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ, ಅದೂ ನಿಮಗೆ ಬೇಕಾದ ತಿರುವಿನಲ್ಲೇ. ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆಯ ಸರ್ಟಿಫಿಕೇಟ್, ಡಿಎಲ್ ನಾಲ್ಕೂ ಇರಲಿ. ಡಿಜಿಲಾಕರ್‌ನಲ್ಲಿದ್ದರೂ ನಡೆಯುತ್ತದೆ, ಆದರೆ ಘಾಟಿಯಲ್ಲಿ ನೆಟ್‌ವರ್ಕ್ ನಂಬಬೇಡಿ, ಹೊರಡುವ ಮೊದಲೇ ಮೊಬೈಲಿಗೆ ಇಳಿಸಿಕೊಳ್ಳಿ. ಮಂಗಗಳ ಫೋಟೋ ತೆಗೆಯಲು ತಿರುವಿನಲ್ಲಿ ನಿಲ್ಲಬೇಡಿ. ಮೇಲೆ ಸೂರ್ಯಾಸ್ತ ನೋಡುವ ಜಾಗದಲ್ಲಿ ಬೇಕಾದಷ್ಟು ಮಂಗಗಳಿವೆ. ಅಲ್ಲಿ ನಿಲ್ಲಿಸಿದರೆ ಸೀಟಿನ ಮೇಲೆ ತಿಂಡಿಯ ಪೊಟ್ಟಣ ಬಿಟ್ಟು ಹೋಗಬೇಡಿ, ಸೀಟಿನ ರೆಕ್ಸಿನ್ನನ್ನೂ ಹರಿಯುತ್ತವೆ.